ಸೊರೈದಾ ಕೂತು ಉಂಡ ಭಾನುವಾರ

ಸೊರೈದಾ ಕಿಂತಾನಾ ನಾವು ವಲಸೆ ಬಂದು ನೆಲೆಸಿದ ಹಾಯಲಿಯಾ ಊರಿನ ‘ಲಾ ಪೆರ್ಲಾ’ ಹೋಟೆಲಿಗೆ ಮೊದಲ ಸಲ ಕಾಲಿಟ್ಟಿದ್ದು ಊಟ ಮಾಡಲಿಕ್ಕೆ. ಈಗ ಹೇಳಿದರೆ ಯಾರೂ ನಂಬುವುದಿಲ್ಲ. ಹೋಟೆಲಿನ ಗೋಡೆಗಳ ಜೊತೆಗೇ ಅವಳನ್ನೂ ಕಟ್ಟಿದ್ದಾರೆ ಎಂದು ತಿಳಿದ ಗಿರಾಕಿಗಳೇ ಹೆಚ್ಚು. ಆದರೆ ಆ ಮಧ್ಯಾಹ್ನ ನಾನು ಅಲ್ಲೇ ಇದ್ದೆ. ಎದುರಿನ ಬೀಗದ ಅಂಗಡಿ ನನ್ನದು. ಲಾ ಪೆರ್ಲಾದಲ್ಲಿ ನಡೆದ ಯಾವ ಮಹಾಯುದ್ಧವೂ ನನ್ನ ಕಣ್ತಪ್ಪಿಸಿ ನಡೆದಿಲ್ಲ.

ಅವಳು ಮನ್ಸಾನಿಯೊ ಊರಿನ ಮೀನುಗಾರನ ಮಗಳು. ನಾವೆಲ್ಲ ಹವಾನಾದ ನಮ್ಮ ದ್ವೀಪ ಬಿಟ್ಟು ದೋಣಿ ಹತ್ತಿದ ವರ್ಷ ಅವಳೂ ಹತ್ತಿದಳು, ಒಂದರ ಮೇಲೊಂದು ಎರಡು ಫ್ರಾಕು ತೊಟ್ಟುಕೊಂಡು. ಚೀಲ ತರಕೂಡದು ಎಂದಿದ್ದರು. ಫ್ರಾಕಿನ ಬಗ್ಗೆ ಯಾರೂ ಏನೂ ಹೇಳಿರಲಿಲ್ಲ. ಇಲ್ಲಿ ಬಂದು ಪ್ಯಾಂಟಿಗೆ ಜಿಪ್ ಹೊಲಿಯುವ ಕಾರ್ಖಾನೆ ಸೇರಿದಳು. ಕಾರುಗಳಿಗೆ ಬಣ್ಣ ಹೊಡೆಯುವ ಒಬ್ಬ ಸುಂದರಾಂಗನನ್ನು ಮದುವೆಯಾದಳು. ಆತ ಉಣ್ಣುವುದರಲ್ಲಿ ಶೂರ, ತಟ್ಟೆ ಎತ್ತಿಡುವುದರಲ್ಲಿ ಸನ್ಯಾಸಿ. ಒಂದು ದಿನ ಟ್ಯಾಂಪಾ ಊರಿಗೆ ಹೋಗಿಬರುತ್ತೇನೆ ಎಂದು ಹೊರಟ. ಕೂದಲು ಒಣಗಿಸುವ ಯಂತ್ರವನ್ನೂ ಒಯ್ದಿದ್ದ ಕಾರಣ ತಿರುಗಿ ಬರುವುದಿಲ್ಲ ಎಂದು ಇವಳಿಗೆ ಖಾತ್ರಿಯಾಯಿತು. ಮರು ಭಾನುವಾರ ಸೊರೈದಾ ಕಿವಿಗೆ ಓಲೆ ಹಾಕಿಕೊಂಡು ಒಬ್ಬಳೇ ಲಾ ಪೆರ್ಲಾಕ್ಕೆ ಬಂದು ಕಿಟಕಿ ಪಕ್ಕದ ಮೇಜಿನಲ್ಲಿ ಕೂತಳು. ಬುದ್ಧಿ ಬಂದಾಗಿನಿಂದ ಅಪ್ಪನಿಗೆ, ಅಣ್ಣಂದಿರಿಗೆ, ಗಂಡನಿಗೆ ಬಡಿಸಿದವಳು. ಒಂದು ಸಲ ತಾನು ಕೂತು, ಇನ್ನೊಬ್ಬರು ತಂದಿಟ್ಟದ್ದನ್ನು ಉಣ್ಣಬೇಕು, ಆಸೆ ಅಷ್ಟೇ.

ಆದರೆ ಹೋಟೆಲಿನಲ್ಲಿ ಆಗ ಕ್ರಾಂತಿ ನಡೆದಿತ್ತು. ತಟ್ಟೆಯ ಕೆಳಗೆ ಹಾಸುವ ಕಾಗದದ ಮೇಲೆ ನಮ್ಮ ದ್ವೀಪದ ನಕ್ಷೆ ಇರುತ್ತದಲ್ಲ, ಅದರಲ್ಲಿ ಪ್ರಾಂತ್ಯಗಳು ಹಳೆಯ ಲೆಕ್ಕದ ಆರಿರಬೇಕೋ, ಹೊಸ ಸರ್ಕಾರ ಕತ್ತರಿಸಿಟ್ಟ ಹದಿನಾಲ್ಕಿರಬೇಕೋ ಎಂದು ಮಾಲೀಕ ಗುಮೆರ್ಸಿಂದೊಗೂ ಅವನ ಒಬ್ಬನೇ ಬಡಿಸುವವನಿಗೂ ಜಗಳ ಹತ್ತಿ, ಬಡಿಸುವವನು ಏಪ್ರನ್ ಬಿಚ್ಚಿ ನೆಲಕ್ಕೆಸೆದು, ಆರು ಪ್ರಾಂತ್ಯಗಳನ್ನೂ ಶಪಿಸುತ್ತ ಹೊರನಡೆದಿದ್ದ. ಅಡುಗೆಮನೆಯ ಕಂಡಿಯಲ್ಲಿ ತಟ್ಟೆಗಳು ಸಾಲುಗಟ್ಟಿ ಆರುತ್ತಿದ್ದವು. ಸೊರೈದಾ ಕೂತೇ ನೋಡಿದಳು. ಕಪ್ಪು ಬೀನ್ಸ್ ಮೇಲೆ ಕೆನೆ ಕಟ್ಟತೊಡಗಿತು. ಅದನ್ನು ನೋಡಿಕೊಂಡು ಸುಮ್ಮನಿರುವ ಹೆಣ್ಣು ಮನ್ಸಾನಿಯೊದಲ್ಲಿ ಹುಟ್ಟಿಲ್ಲ. ಎದ್ದಳು. ಒಂದು ತಟ್ಟೆಯನ್ನು ಒಬ್ಬ ಮುದುಕನ ಮುಂದಿಟ್ಟಳು. ಇನ್ನೊಂದನ್ನು ಅವನ ಹೆಂಡತಿಯ ಮುಂದೆ. ಸಂಜೆಯ ಹೊತ್ತಿಗೆ ಏಪ್ರನ್ ಅವಳ ಸೊಂಟದಲ್ಲಿತ್ತು. ಊಟಕ್ಕೆ ಬಂದವಳು ಅವತ್ತು ಊಟ ಮಾಡಲಿಲ್ಲ. ಆಮೇಲೂ ಆ ಹೋಟೆಲಿನಲ್ಲಿ ಅವಳು ಕೂತದ್ದನ್ನು ಯಾರೂ ಕಾಣಲಿಲ್ಲ.

ಅವಳ ಆಳ್ವಿಕೆಯ ಮೊದಲ ಕಾನೂನು, ಗಿರಾಕಿಗೆ ಮೆನು ಓದುವ ಹಕ್ಕಿಲ್ಲ. ಯಾರಾದರೂ ಮೆನು ಬಿಡಿಸಿದರೆ ನಯವಾಗಿ ಕಿತ್ತುಕೊಂಡು ಕಂಕುಳಲ್ಲಿ ಸಿಕ್ಕಿಸಿಕೊಳ್ಳುತ್ತಿದ್ದಳು.

“ಅದ್ರಲ್ಲೇನಿದೆ ರಾಜ? ನನ್ನ ಮುಖ ನೋಡು. ನಿನಗೇನು ಬೇಕು ಅಂತ ನಾನು ಹೇಳ್ತೀನಿ.”

ಹೇಳುತ್ತಿರಲೂ ಇಲ್ಲ, ತಂದೇ ಇಡುತ್ತಿದ್ದಳು. ನನ್ನ ಕಿವಿಯ ಬಣ್ಣ ನೋಡಿ ರಕ್ತದೊತ್ತಡ ಎಂದು ತೀರ್ಮಾನಿಸಿ ಕೋಳಿ ಸೂಪಿಗೆ ಗುರಿಮಾಡಿದಳು. ಇವತ್ತಿಗೂ ಅದನ್ನೇ ಕುಡಿಯುತ್ತಿದ್ದೇನೆ. ನನ್ನ ಗೆಳೆಯ, ಹವಾನಾದಲ್ಲಿ ಕ್ಷೌರಿಕನಾಗಿದ್ದ ನ್ಯೀಕೊಗೆ ಬೇಯಿಸಿದ ಮೀನು, ಏಕೆಂದರೆ “ನಿನ್ನ ಮಾತಲ್ಲೇ ಬೇಕಾದಷ್ಟು ಕೊಬ್ಬಿದೆ.” ಒಬ್ಬ ವಕೀಲ ಒಮ್ಮೆ ಹಟಕ್ಕೆ ಬಿದ್ದು ಹಂದಿಮಾಂಸ ತರಿಸಿಕೊಂಡ. ಮರುಮಾತಿಲ್ಲದೆ ತಂದಿಟ್ಟು, ಅವನು ಉಂಡು ಮುಗಿಸುವವರೆಗೂ ಸೊಂಟದ ಮೇಲೆ ಕೈಯಿಟ್ಟು ಪಕ್ಕದಲ್ಲೇ ನಿಂತಳು. ಮರುದಿನದಿಂದ ಆ ವಕೀಲನೂ ಸೂಪಿನ ಪಂಗಡ ಸೇರಿದ.

ಇಂಥ ಸಾಮ್ರಾಜ್ಯಕ್ಕೆ ಒಂದು ಬುಧವಾರ ಬರ್ರೇತೋ ಬಂದ. ಪೂರ್ತಿ ಹೆಸರು ಲಿಯೊವಿಹಿಲ್ದೊ ಬರ್ರೇತೋ. ಅಷ್ಟು ಹೇಳಿ ಮುಗಿಸುವ ತಾಳ್ಮೆ ಅವನ ತಾಯಿಗೂ ಇರಲಿಲ್ಲವಂತೆ. ದ್ವೀಪದ ಪಶ್ಚಿಮ ತುದಿಯ ಪಿನಾರಿನವನು, ಹೆಂಡತಿ ತೀರಿಕೊಂಡು ಒಂಟಿಯಾದವನು, ಏಸಿ ರಿಪೇರಿ ಕಸುಬು. ಬಾಗಿಲಿಗೆ ಅಡ್ಡ ನಿಂತರೆ ಹಾಲ್ ಕತ್ತಲಾಗುವಷ್ಟು ದೊಡ್ಡ ಆಳು, ಬಾಯಿ ಮಾತ್ರ ಬೀಗ ಹಾಕಿದ್ದು. ಆಗಸ್ಟಿನ ನಡುವೆ ಲಾ ಪೆರ್ಲಾದ ಏಸಿ ಸತ್ತು, ಗಿರಾಕಿಗಳು ಬೆಣ್ಣೆಯಂತೆ ಕರಗುತ್ತಿದ್ದಾಗ ಏಣಿ ಹೊತ್ತು ಬಂದು ಅದಕ್ಕೆ ಜೀವ ಕೊಟ್ಟ. ಇಡೀ ಹಾಲ್ ಎದ್ದು ಚಪ್ಪಾಳೆ ತಟ್ಟಿತು. ಗುಮೆರ್ಸಿಂದೊ ಅವನನ್ನು ಮೂಲೆಯ ಮೇಜಿನಲ್ಲಿ, ರಬ್ಬರ್ ಗಿಡದ ಕುಂಡದ ಪಕ್ಕ ಕೂರಿಸಿದ. ಅವತ್ತು ಅಡುಗೆಯವನ ಮಗಳ ಹದಿನೈದನೇ ಹುಟ್ಟುಹಬ್ಬ, ನಮ್ಮಲ್ಲಿ ಅದು ಮದುವೆಯಷ್ಟೇ ದೊಡ್ಡದು; ಅಡುಗೆಯವನು ರಜೆ ಹಾಕಿದ್ದ, ಒಲೆ ಮುಂದೆ ನಿಂತಿದ್ದವನು ಅವನ ಭಾವಮೈದುನ. ಸೊರೈದಾ ಬರ್ರೇತೋನ ಮುಖ ನೋಡಿ ಪಿಕಾದೀಯೊ ತಂದಿಟ್ಟಳು: ಟೊಮೇಟೊ, ಆಲಿವ್ ಹಾಕಿ ಬೇಯಿಸಿದ ಕೊಚ್ಚಿದ ಮಾಂಸ, ಪಕ್ಕದಲ್ಲಿ ಅನ್ನ. ಮಾಂಸದ ನಡುವೆ ಒಣದ್ರಾಕ್ಷಿ.

ಪಿಕಾದೀಯೊಗೆ ಒಣದ್ರಾಕ್ಷಿ ಹಾಕುವವರು, ಹಾಕದವರು ಎಂದು ನಮ್ಮ ಜನರಲ್ಲಿ ಎರಡು ಜಾತಿ. ರಾಜಕೀಯದಲ್ಲಿ ಜಗಳವಾಡಿದ ಅಣ್ಣತಮ್ಮಂದಿರು ಕ್ರಿಸ್ಮಸ್ಸಿಗೆ ಒಂದಾಗುತ್ತಾರೆ. ಒಣದ್ರಾಕ್ಷಿಯಲ್ಲಿ ಮುರಿದ ಮನೆಗಳು ಮುರಿದೇ ಇವೆ. ಬರ್ರೇತೋ ಹುಟ್ಟಾ ಹಾಕದ ಜಾತಿಯವನು. ಆ ಕಾಳು ಹಲ್ಲಿಗೆ ಸಿಕ್ಕರೆ ಅವನಿಗೆ ಬೆನ್ನುಹುರಿಯಲ್ಲಿ ಚಳಿ ಏಳುತ್ತದೆ. ಆದರೆ ನಮ್ಮಲ್ಲಿ ಇನ್ನೊಂದು ಪದ್ಧತಿಯಿದೆ. ಮೊದಲ ಸಲ ಒಬ್ಬರು ಉಣಬಡಿಸಿದಾಗ, ತಟ್ಟೆಯಲ್ಲಿ ಕಲ್ಲಿದ್ದರೂ ಸರಿ, ಒಂದು ತುತ್ತು ತಿಂದು, ಚಮಚ ಕೆಳಗಿಟ್ಟು, ಕಣ್ಣು ಮುಚ್ಚಿ “ಊರು ಬಿಟ್ಟ ಮೇಲೆ ಇಂಥದ್ದು ತಿಂದಿರಲಿಲ್ಲ” ಎನ್ನಬೇಕು. ಬರ್ರೇತೋ ಅದನ್ನು ಚಾಚೂ ತಪ್ಪದೆ ಮಾಡಿದ. ಅಷ್ಟಕ್ಕೇ ನಿಲ್ಲಿಸಿದ್ದರೆ ಬದುಕುತ್ತಿದ್ದ. ಕಣ್ಣು ತೆರೆದಾಗ ಸೊರೈದಾ ನಗುತ್ತಿದ್ದಳು; ಅವಳು ನಕ್ಕರೆ ಕೆನ್ನೆಯಲ್ಲಿ ಒಂದೇ ಕಡೆ ಗುಳಿ ಬೀಳುತ್ತದೆ. ಆ ಗುಳಿಯೊಳಗೆ ಬಿದ್ದವನು ಗಾಬರಿಯಲ್ಲಿ ಇನ್ನೊಂದು ಮಾತು ಸೇರಿಸಿದ.

“ಅದ್ರಲ್ಲೂ ಈ ಒಣದ್ರಾಕ್ಷಿ...”

ಅಂದಿನಿಂದ ಪ್ರತಿ ಬುಧವಾರ ಬರ್ರೇತೋಗೆ ಪಿಕಾದೀಯೊ. ಬೇರೆ ಯಾರಿಗೂ ಆ ಭಾಗ್ಯವಿಲ್ಲ; ಅದು ಬರ್ರೇತೋನ ಮುಖಕ್ಕೆ ಬರೆದದ್ದು ಎಂದು ಅವಳ ತೀರ್ಮಾನ. ಬರ್ರೇತೋ ಒಂದೊಂದೇ ಕಾಳು ಆರಿಸಿ, ಕರವಸ್ತ್ರದಲ್ಲಿ ಮರೆಮಾಡಿ, ಅವಳು ಅತ್ತ ತಿರುಗಿದಾಗ ರಬ್ಬರ್ ಗಿಡದ ಮಣ್ಣಿನೊಳಗೆ ಹೂತುಬಿಡುತ್ತಿದ್ದ. ವರ್ಷಗಳು ಕಳೆದವು. ಗಿಡ ಚಾವಣಿ ಮುಟ್ಟಿ ಬಾಗಿತು. ಇರುವೆಗಳು ಬಂದವು.

ಆ ಇರುವೆಗಳ ಮೇಲೆ ಗುಮೆರ್ಸಿಂದೊ ಹೂಡಿದ ಸಮರದ್ದೇ ಒಂದು ದೊಡ್ಡ ಕಥೆ. ಬಿಳಿ ಪುಡಿ, ಹಳದಿ ಪುಡಿ, ಕುದಿಯುವ ನೀರು, ಕಾಫಿ ಗಸಿ ಎಲ್ಲ ಪ್ರಯೋಗಿಸಿದ. ಕೊನೆಗೆ ಪಾದ್ರಿಯಿಂದ ತಂದ ಪವಿತ್ರ ಜಲವನ್ನೂ ಚಿಮುಕಿಸಿದ. ಇರುವೆಗಳು ಅದನ್ನೂ ಕುಡಿದು ಇನ್ನಷ್ಟು ಪುಷ್ಟವಾದವು.

ಗುಟ್ಟು ಗೊತ್ತಿದ್ದದ್ದು ನನಗೆ ಮತ್ತು ನ್ಯೀಕೊಗೆ ಮಾತ್ರ. ಹೋಟೆಲಿನ ಹೊರಗೋಡೆಯಲ್ಲಿ ಕಾಫಿ ಕಿಟಕಿಯಿದೆ. ಒಬ್ಬ ದೊಡ್ಡ ಲೋಟ ಕಾಫಿ ಕೊಂಡರೆ ಬೆರಳಿನಷ್ಟಗಲದ ಪುಟ್ಟ ಲೋಟಗಳಿಗೆ ಹನಿಹನಿ ಸುರಿದು ನಿಂತವರಿಗೆಲ್ಲ ಹಂಚಬೇಕು. ಅಲ್ಲಿ ಒಂದು ಬೆಳಿಗ್ಗೆ ಬರ್ರೇತೋ ಬಾಯಿಬಿಟ್ಟ.

“ಹೇಳಿಬಿಡೋ ಮಾರಾಯ, ಬೇಡ ಅಂತ. ನಿನ್ನನ್ನೇನು ಗುಂಡಿಟ್ಟು ಕೊಲ್ತಾಳಾ?” ಎಂದ ನ್ಯೀಕೊ.

“ಹೇಳಿದ್ರೆ ಆ ತಟ್ಟೆ ನಿಂತುಹೋಗುತ್ತಲ್ಲ.”

“ನಿಲ್ಲಲಿ. ಬೇರೇನಾದ್ರೂ ತಿನ್ನು.”

“ನಿನಗೆ ಅರ್ಥ ಆಗಲ್ಲ ಬಿಡು. ಆ ತಟ್ಟೆ ಇಟ್ಟಮೇಲೆ ಅವಳು ಒಂದು ಗಳಿಗೆ ನಿಲ್ತಾಳೆ. ಬೇರೆ ಯಾರ ಮೇಜಲ್ಲೂ ನಿಲ್ಲಲ್ಲ. ನಾನು ಮೊದಲ ತುತ್ತು ತಿನ್ನೋದನ್ನ ನೋಡೋಕೆ ನಿಲ್ತಾಳೆ.” ಬರ್ರೇತೋ ಕಾಫಿ ಹಂಚುತ್ತಿದ್ದವನು ನ್ಯೀಕೊನ ಲೋಟ ಬಿಟ್ಟು ಅವನ ಕೈಗೇ ಸುರಿದ.

ನ್ಯೀಕೊ ಕೈ ನೆಕ್ಕಿಕೊಂಡು ನನ್ನ ಕಡೆ ನೋಡಿದ. “ಇವನ ಕಥೆ ಮುಗೀತು.”

ಹಾಗೆ ಮುಗಿದ ಕಥೆಯ ನಾಯಕ ಆ ಚಳಿಗಾಲದ ಒಂದು ಬುಧವಾರ, ಕಿಟಕಿಯ ಬಳಿ ನಮ್ಮಿಬ್ಬರನ್ನೂ ಬೆಂಬಲಕ್ಕೆ ನಿಲ್ಲಿಸಿಕೊಂಡು, ನೆಲ ಒರೆಸಿದ ನೀರು ಎರಚಲು ಹೊರಬಂದ ಸೊರೈದಾಳ ಬಳಿ ತನ್ನನ್ನು ಮದುವೆಯಾಗುತ್ತೀರಾ ಎಂದು ಕೇಳಿಯೇಬಿಟ್ಟ. ಅವಳು ಬಕೆಟ್ ಕೆಳಗಿಟ್ಟಳು.

“ಬರ್ರೇತೋ, ಇಷ್ಟು ವರ್ಷದಿಂದ ನಾನು ತಂದಿಟ್ಟಿದ್ದನ್ನ ತಿಂತಿದೀಯ. ನನಗೆ ಇದು ಬೇಕು, ಇದು ಬೇಡ ಅಂತ ಒಂದು ದಿನ ಬಾಯಿಬಿಟ್ಟಿದೀಯಾ?”

“ನೀವು ತರೋದೆಲ್ಲ...”

“ಎಲ್ಲರೂ ಅದನ್ನೇ ಅಂತಾರೆ. ನನ್ನ ಮೊದಲನೇ ಗಂಡನೂ ಅದನ್ನೇ ಅಂದ, ಟ್ಯಾಂಪಾಗೆ ಹೋಗೋ ಹಿಂದಿನ ದಿನದ ತನಕ. ಇನ್ನೊಬ್ಬ ಗಿರಾಕಿಗೆ ಮನೇಲಿ ಬಡಿಸೋ ಆಸೆ ನನಗಿಲ್ಲ. ನನ್ನನ್ನ ಒಂದು ಊಟಕ್ಕೆ ಹೊರಗೆ ಕರ್ಕೊಂಡು ಹೋಗು. ಅಲ್ಲಿ ನಿನಗೆ ನಿಜವಾಗ್ಲೂ ಏನು ಬೇಕೋ ಅದನ್ನ ನೀನೇ ಹೇಳಿ ತರಿಸ್ಕೊ. ನಾನು ನೋಡ್ಬೇಕು. ಆಮೇಲೆ ಮಿಕ್ಕಿದ್ದು.”

ಇಷ್ಟು ಹೇಳಿ ನೀರನ್ನು ನಮ್ಮ ಕಾಲಬುಡಕ್ಕೇ ಎರಚಿ ಒಳಗೆ ಹೋದಳು.

ಎಲ್ಲಿಗೆ ಕರೆದೊಯ್ಯುವುದು ಎನ್ನುವುದೇ ಮೊದಲ ಕದನ. ಬರ್ರೇತೋ ಊರಿನ ಹೋಟೆಲುಗಳ ಹೆಸರನ್ನೆಲ್ಲ ಒಪ್ಪಿಸಿದ. ಒಂದರಲ್ಲಿ ಬೀನ್ಸಿಗೆ ಸಕ್ಕರೆ ಸುರಿಯುತ್ತಾರೆ ಎಂದಳು. ಇನ್ನೊಂದರಲ್ಲಿ ಬಡಿಸುವವಳು ಹೆಬ್ಬೆರಳು ಅದ್ದಿಕೊಂಡು ಸೂಪು ತರುತ್ತಾಳೆ. ಮತ್ತೊಂದು ಚೆನ್ನಾಗಿದೆ; ಆದ್ದರಿಂದಲೇ ಅಲ್ಲಿಗೆ ಹೋಗುವುದು ಗುಮೆರ್ಸಿಂದೊಗೆ ಬಗೆಯುವ ದ್ರೋಹ. ಜರಡಿ ಹಿಡಿದು ಉಳಿದದ್ದು ಒಂದೇ ಒಂದು ಹೋಟೆಲು, ಲಾ ಪೆರ್ಲಾ. ಭಾನುವಾರ ಅವಳಿಗೆ ರಜೆ. ಭಾನುವಾರ ಮಧ್ಯಾಹ್ನ ಎಂದು ಗೊತ್ತಾಯಿತು.

ಆ ಭಾನುವಾರ ಚರ್ಚು ಬಿಟ್ಟ ಜನ ಹೋಟೆಲಿನ ತುಂಬ. ನಾನೂ ನ್ಯೀಕೊನೂ ಕೇವಲ ಮಾನವೀಯ ಕಾಳಜಿಯಿಂದ ಪಕ್ಕದ ಮೇಜು ಹಿಡಿದಿದ್ದೆವು. ಬರ್ರೇತೋ ಇಸ್ತ್ರಿ ಮಾಡಿದ ಬಿಳಿ ಗ್ವಯಬೇರಾ ಅಂಗಿ ತೊಟ್ಟು, ಹಡಗಿಗೆ ಹಾಯಿ ಕಟ್ಟಿದಂತೆ ಬಂದ. ಸೊರೈದಾ ನೀಲಿ ಫ್ರಾಕಿನಲ್ಲಿ, ಕಿವಿಗೆ ಓಲೆ ಹಾಕಿ ಬಂದಳು. ಅವಳು ಏಪ್ರನ್ ಇಲ್ಲದೆ ಬಾಗಿಲಲ್ಲಿ ಕಂಡದ್ದೇ ಹಾಲ್‌ನ ಮಾತು ನಿಂತಿತು. ಕಿಟಕಿ ಪಕ್ಕದ ಮೇಜಿಗೆ ಹೋಗಿ, ಕುರ್ಚಿ ಎಳೆದು, ಕೂತಳು. ಗಲ್ಲಾದಲ್ಲಿದ್ದ ಗುಮೆರ್ಸಿಂದೊ ಶಿಲುಬೆಯ ಗುರುತು ಮಾಡಿಕೊಂಡ.

ಕೂತದ್ದು ಎಷ್ಟು ಹೊತ್ತು? ಪಕ್ಕದಲ್ಲಿ ಒಂದು ಮಗು ಚಮಚ ಬೀಳಿಸಿತು. ಎದ್ದು ಹೊಸದು ತಂದುಕೊಟ್ಟಳು. ಕೂತಳು. ಬಾಗಿಲಲ್ಲಿ ಒಂದು ಸಂಸಾರ ಕಾಯುತ್ತಿತ್ತು. ಎದ್ದು ಎರಡು ಮೇಜು ಜೋಡಿಸಿ ಕೂರಿಸಿದಳು. ತಿರುಗಿ ಬಂದಾಗ ಬರ್ರೇತೋ ತನ್ನ ಅಗಾಧ ದೇಹವನ್ನು ಅವಳ ದಾರಿಗೆ ಅಡ್ಡ ಹಿಡಿದು ಕುರ್ಚಿ ತೋರಿಸಿದ.

“ದಯವಿಟ್ಟು, ಸೊರೈದಾ.”

“ಕಾಲು ತಾನಾಗೇ ಹೋಗುತ್ತೆ ಕಣೋ, ನಾನೇನು ಮಾಡ್ಲಿ.”

ಅಷ್ಟರಲ್ಲಿ ಯುಸ್ಲೇದಿಸ್ ಬಂದಳು. ಮೂವತ್ತರ ಹತ್ತಿರದ ಹೆಂಗಸು, ದ್ವೀಪದ ಕಮಗ್ವೇ ಕಡೆಯಿಂದ ಹೊಸದಾಗಿ ಬಂದವಳು. ಭಾನುವಾರಗಳಲ್ಲಿ ಸೊರೈದಾಳ ಜಾಗದಲ್ಲಿ ಬಡಿಸುವವಳು, ಅವಳದೇ ಗರಡಿಯಲ್ಲಿ ಪಳಗಿದವಳು. ಬರ್ರೇತೋ ಎದೆ ತುಂಬ ಉಸಿರು ತೆಗೆದುಕೊಂಡ. ವಾರಪೂರ್ತಿ ಕನ್ನಡಿಯ ಮುಂದೆ ಅಭ್ಯಾಸ ಮಾಡಿದ ವಾಕ್ಯ ಗಂಟಲವರೆಗೆ ಬಂದಿತ್ತು.

“ನನಗೆ...” ಎಂದ.

“ನೀವು ಸುಮ್ನಿರಿ ದೊಡ್ಡಪ್ಪ, ನನಗೆ ಗೊತ್ತು,” ಎಂದು ಯುಸ್ಲೇದಿಸ್ ಹೊರಟೇ ಹೋದಳು.

ನ್ಯೀಕೊ ಮೇಜಿನ ಕೆಳಗೆ ನನ್ನ ಕಾಲು ತುಳಿದ. ಬರ್ರೇತೋನ ಬಾಯಿ ತೆರೆದದ್ದು ತೆರೆದಂತೆಯೇ ಇತ್ತು. ಅದು ಮುಚ್ಚುವ ಮೊದಲೇ ಎರಡು ತಟ್ಟೆ ಬಂದು ಕೂತವು. ಅವನಿಗೂ ಪಿಕಾದೀಯೊ, ಅವಳಿಗೂ ಪಿಕಾದೀಯೊ.

ಅವನು ಹಣೆ ಒರೆಸಿಕೊಂಡ. ಸರಿ, ಈಗಲೇ ಹೇಳಿಬಿಡುವುದು ಎಂದು ಚಮಚ ಎತ್ತಿ, ಶತ್ರುವನ್ನು ಹುಡುಕುತ್ತ ಮಾಂಸವನ್ನು ಕೆದಕಿದ. ಎಡಕ್ಕೆ ಕೆದಕಿದ. ಬಲಕ್ಕೆ ಕೆದಕಿದ. ತಟ್ಟೆಯಲ್ಲಿ ಮಾಂಸವಿತ್ತು, ಆಲಿವ್ ಇತ್ತು. ಒಣದ್ರಾಕ್ಷಿ ಒಂದೂ ಇರಲಿಲ್ಲ. ಅವಳ ತಟ್ಟೆಯಲ್ಲೂ ಇರಲಿಲ್ಲ. ಕೋಟೆಗೆ ಲಗ್ಗೆಯಿಟ್ಟ ಸೇನಾಪತಿಗೆ ಒಳಗೆ ಯಾರೂ ಇಲ್ಲ ಎಂದು ತಿಳಿದರೆ ಹೇಗಾಗುತ್ತದೋ ಹಾಗೆ ಕೂತುಬಿಟ್ಟ.

ಸೊರೈದಾ ಅವನ ಮುಖ ನೋಡಿದಳು, ತಟ್ಟೆ ನೋಡಿದಳು. ಮೆಲ್ಲಗೆ ನಕ್ಕಳು; ಗುಳಿ ಬಿತ್ತು.

“ಗಾಬರಿಯಾಗ್ಬೇಡ. ಅಡುಗೆಯವನು ಯಾವತ್ತೂ ಹಾಕಲ್ಲ. ಅವತ್ತು ಅವನ ಭಾವಮೈದುನ ಹಾಕಿದ್ದು, ಅದೊಂದೇ ದಿನ,” ಎನ್ನುತ್ತ ಕೈಚೀಲದಿಂದ ಒಂದು ಪುಟ್ಟ ಡಬ್ಬಿ ತೆಗೆದಳು. “ಆಮೇಲೆಲ್ಲ ನಾನು ಮನೆಯಿಂದ ತರ್ತಿದ್ದೆ. ಮಂಗಳವಾರ ರಾತ್ರಿ ರಮ್ಮಲ್ಲಿ ನೆನೆಹಾಕ್ತೀನಿ. ಅದಕ್ಕೇ ಅಷ್ಟು ಮೆತ್ತಗಿರುತ್ತೆ.”

ಡಬ್ಬಿ ಬಗ್ಗಿಸಿ ಒಣದ್ರಾಕ್ಷಿಯನ್ನೆಲ್ಲ ಅವನ ತಟ್ಟೆಗೆ ಸುರಿದಳು. ಮತ್ತೆ, ಬುಧವಾರಗಳಲ್ಲಿ ನಿಲ್ಲುತ್ತಿದ್ದ ಹಾಗೆಯೇ, ಆದರೆ ಈ ಸಲ ಕೂತುಕೊಂಡು, ಗಲ್ಲಕ್ಕೆ ಕೈಕೊಟ್ಟು, ಮೊದಲ ತುತ್ತಿಗೆ ಕಾದಳು.

ಬರ್ರೇತೋನ ಮುಖದಲ್ಲಿ ಏನೇನು ಹಾದುಹೋಯಿತು ಎಂಬುದನ್ನು ಪಕ್ಕದ ಮೇಜಿನಿಂದ ಸ್ಪಷ್ಟವಾಗಿ ಓದಬಹುದಿತ್ತು. ಇಷ್ಟು ವರ್ಷ ಯಾರೋ ಅಡುಗೆಯವನ ಕಾಟ ಎಂದು ತಿಳಿದದ್ದು ಇವಳ ಕೈಯ ಪ್ರೀತಿ. ಬುಧವಾರ ಬುಧವಾರ ಮಣ್ಣಲ್ಲಿ ಹೂತದ್ದು ಅದನ್ನೇ. ಈಗ ತಿಂದರೆ ಸಾಯುವವರೆಗೂ ತಿನ್ನಬೇಕು, ಅವಳ ಷರತ್ತಿನಲ್ಲೂ ಸೋತಂತೆ. ತಿನ್ನದಿದ್ದರೆ ಈ ಡಬ್ಬಿಯ ಮುಂದೆ ಏನೆಂದು ಹೇಳುವುದು?

ಅವನು ಚಮಚ ಕೆಳಗಿಟ್ಟ. ಕಣ್ಣು ಮುಚ್ಚಲಿಲ್ಲ.

“ಸೊರೈದಾ, ನನಗೆ ಒಣದ್ರಾಕ್ಷಿ ಸೇರಲ್ಲ.”

ಅವಳು ಅಲುಗಲಿಲ್ಲ. “ಯಾವಾಗಿಂದ?”

“ಹಲ್ಲು ಬಂದಾಗಿಂದ.”

“ಮತ್ತೆ ಅವತ್ತು ಹೊಗಳಿದ್ದು?”

“ಮೊದಲ್ನೇದು ಮರ್ಯಾದೆಗೆ. ದ್ರಾಕ್ಷಿ ಮಾತು ಮಾತ್ರ... ನೀವು ನಕ್ಕಿರಿ. ತಲೆ ಕೆಲಸ ಮಾಡಲಿಲ್ಲ.”

“ತಟ್ಟೆ ಖಾಲಿಯಾಗಿರ್ತಿತ್ತಲ್ಲ ಬರ್ರೇತೋ. ನಾನೇ ಎತ್ತಿಡ್ತಿದ್ದೆ. ಎಲ್ಲಿ ಹೋಗ್ತಿದ್ವು?”

ಬರ್ರೇತೋ ಮೂಲೆಯ ರಬ್ಬರ್ ಗಿಡದ ಕಡೆ ಬೆರಳು ತೋರಿಸಿದ. ಚಾವಣಿಗೆ ತಲೆ ಕೊಟ್ಟು ಬಾಗಿ ನಿಂತಿದ್ದ ಆ ದೈತ್ಯನನ್ನು ಇಡೀ ಹಾಲ್ ತಿರುಗಿ ನೋಡಿತು. ಗಲ್ಲಾದ ಹಿಂದೆ ಕುರ್ಚಿ ಕಿರುಗುಟ್ಟಿತು. ಗುಮೆರ್ಸಿಂದೊ ಎದ್ದುನಿಂತಿದ್ದ, ಅವನ ಯುದ್ಧದ ಇತಿಹಾಸವೆಲ್ಲ ಅವನ ಕಣ್ಣಮುಂದೆ ಹಾದುಹೋಗುತ್ತಿತ್ತು.

“ನನ್ನ ಇರುವೆಗಳು...” ಎಂದ ಕ್ಷೀಣವಾಗಿ.

“ರಮ್ಮಲ್ಲಿ ನೆನೆಹಾಕಿದ್ದಂತೆ,” ಎಂದ ನ್ಯೀಕೊ. “ಅದಕ್ಕೇ ಅವು ಯಾವತ್ತೂ ಸಾಲಲ್ಲಿ ನಡೀತಿರಲಿಲ್ಲ.”

ಯಾರೂ ನಗಲಿಲ್ಲ. ಎಲ್ಲರೂ ಸೊರೈದಾಳನ್ನು ನೋಡುತ್ತಿದ್ದರು. ಅವಳು ಕೈಚೀಲದ ಬಾಯಿ ಮುಚ್ಚಿದಳು. ಬರ್ರೇತೋ ತಲೆ ತಗ್ಗಿಸಿ ತಟ್ಟೆಯಿಂದ ಒಂದೊಂದೇ ಒಣದ್ರಾಕ್ಷಿ ಆರಿಸಿ ಕಾಗದದ ನಕ್ಷೆಯ ಮೇಲೆ ಇಡತೊಡಗಿದ, ಮೊದಲ ಸಲ ಬಹಿರಂಗವಾಗಿ.

“ಹವಾನಾ ಮೇಲೆ ಇಡ್ಬೇಡಪ್ಪ, ನಮ್ಮಮ್ಮ ಇನ್ನೂ ಅಲ್ಲೇ ಇದಾಳೆ,” ಎಂದ ನ್ಯೀಕೊ. ಬರ್ರೇತೋ ವಿಧೇಯನಾಗಿ ಅವನ್ನು ಸಮುದ್ರಕ್ಕೆ ಸರಿಸಿದ.

“ಸರಿ,” ಎಂದಳು ಸೊರೈದಾ. ಧ್ವನಿ ಯಾವ ಕಡೆಗಿದೆಯೆಂದು ಗೊತ್ತಾಗಲಿಲ್ಲ. “ಇದು ಬೇಡ. ಅರ್ಧ ಆಯ್ತು. ಮತ್ತೆ ಬೇಕಾಗಿರೋದೇನು?”

“ಬಿಳಿ ಅನ್ನ. ಮೇಲೆ ಎರಡು ಕರಿದ ಮೊಟ್ಟೆ, ಹಳದಿ ಹರೀಬೇಕು. ಪಕ್ಕದಲ್ಲಿ ಹುರಿದ ಬಾಳೆಹಣ್ಣು.” ಅವನು ಉಸಿರು ಕಟ್ಟಿಕೊಂಡೇ ಮುಂದುವರಿಸಿದ. “ಮತ್ತೆ ಅದನ್ನ ತರೋಕೆ ನೀವು ಏಳ್ಬಾರ್ದು. ಅದೂ ನನಗೆ ಬೇಕಾದ್ದರಲ್ಲಿ ಸೇರಿದೆ. ನೀವು ಇಲ್ಲೇ, ಎದುರಿಗೆ ಕೂತಿರ್ಬೇಕು. ಉಣ್ಬೇಕು.”

ಇಷ್ಟು ದೊಡ್ಡ ಭಾಷಣ ಬರ್ರೇತೋನ ಬಾಯಿಂದ ಹೊರಟದ್ದನ್ನು ನಾವ್ಯಾರೂ ಕೇಳಿರಲಿಲ್ಲ. ಸೊರೈದಾ ಎದ್ದಳು. ಹೋದಳು, ಮುಗಿಯಿತು ಎಂದುಕೊಂಡೆ. ಅವಳು ಕುರ್ಚಿಯನ್ನು ಎತ್ತಿ ಮೇಜಿಗೆ ಇನ್ನಷ್ಟು ಹತ್ತಿರ ಇಟ್ಟುಕೊಂಡು, ಫ್ರಾಕಿನ ಅಂಚು ಸರಿಮಾಡಿ, ಮತ್ತೆ ಕೂತಳು.

“ಯುಸ್ಲೇದಿಸ್, ಗಿರಾಕಿ ಬಾಯಿ ತೆಗೆದಾಗ ಕೇಳಿಸ್ಕೊಳ್ಳೋಕೆ ಯಾರೂ ಹೇಳಿಕೊಡಲಿಲ್ವೇನೇ ನಿನಗೆ?”

“ನೀವೇ ಅಲ್ವಾ ಅಕ್ಕ ಹೇಳಿಕೊಟ್ಟಿದ್ದು, ಕೇಳಬಾರದು ಅಂತ.”

“ಯಾರು ಹೇಳಿಕೊಟ್ರೋ ಅವ್ರು ತಪ್ಪು ಹೇಳಿದಾರೆ. ಆ ಮೆನು ಕೊಡಿಲ್ಲಿ.”

ಮೆನು ಬಂತು. ತನ್ನ ಕಂಕುಳಲ್ಲಿ ಸಾವಿರಾರು ಸಲ ಸಿಕ್ಕಿಸಿಕೊಂಡ ಆ ಪುಸ್ತಕವನ್ನು ಸೊರೈದಾ ಅವತ್ತು ಮೊದಲ ಸಲ ಬಿಡಿಸಿದಳು. ಕನ್ನಡಕ ಹಾಕಿಕೊಂಡು, ಸಾಲು ಸಾಲಾಗಿ, ತುಟಿ ಅಲುಗಿಸುತ್ತ, ಯುಸ್ಲೇದಿಸ್ ಒಂದು ಕಾಲಿನಿಂದ ಇನ್ನೊಂದಕ್ಕೆ ಭಾರ ಬದಲಿಸುವಷ್ಟು ನಿಧಾನವಾಗಿ ಓದಿದಳು.

“ಇಷ್ಟೊಂದು ಇದೆಯಾ ನಮ್ಮಲ್ಲಿ,” ಎಂದಳು ಕೊನೆಗೆ. ಮೆನು ಮುಚ್ಚಿದಳು. “ಇವರಿಗೆ ಮೊಟ್ಟೆ, ಅವರು ಹೇಳಿದ ಹಾಗೆ. ನನಗೆ ಟೊಮೇಟೊ ಸಾರಲ್ಲಿ ಸೀಗಡಿ. ಅವತ್ತು ಅದಕ್ಕೇ ಬಂದಿದ್ದು ನಾನು.”

“ಯಾವತ್ತು ಅಕ್ಕ?”

“ನೀನು ಹುಟ್ಟೋದಕ್ಕೆ ಮುಂಚೆ. ಬೇಗ ತಾ, ಹಸಿವಾಗಿದೆ.”

ಸೀಗಡಿ ಬಂತು. ಮೊಟ್ಟೆ ಬಂತು. ಸೊರೈದಾ ಉಂಡಳು. ಯಾರೋ ಬಡಿಸಿದ್ದನ್ನು, ಬಿಸಿಬಿಸಿಯಾಗಿ, ಕೂತು ಉಂಡಳು. ಸಮುದ್ರಕ್ಕೆ ಸರಿಸಿದ್ದ ಒಣದ್ರಾಕ್ಷಿಗಳನ್ನು ನಡುನಡುವೆ ತಾನೇ ಬಾಯಿಗೆ ಹಾಕಿಕೊಂಡಳು, ರಮ್ಮು ದಂಡವಾಗಬಾರದಲ್ಲ. ಬರ್ರೇತೋ ಮೊಟ್ಟೆಯ ಹಳದಿಯನ್ನು ಅನ್ನಕ್ಕೆ ಕಲಸುತ್ತ, ಕೇಳಬೇಕೆಂದಿದ್ದ ಒಂದೇ ಒಂದು ಮಾತನ್ನು ಕೇಳಲು ಹೆದರಿ, ಅವಳನ್ನು ಕದ್ದು ನೋಡುತ್ತಿದ್ದ. ಅವಳು ಬ್ರೆಡ್ಡಿನ ತುದಿಯಿಂದ ತಟ್ಟೆಯ ಸಾರನ್ನು ಒರೆಸುತ್ತಿದ್ದಾಗ, ನ್ಯೀಕೊ ಇಷ್ಟು ವರ್ಷಗಳ ಅಭ್ಯಾಸಬಲದಿಂದ ತಲೆಯೆತ್ತದೆಯೇ ಕೂಗಿದ.

“ಸೊರೈದಾ, ಒಂಚೂರು ನೀರು ತಾರಮ್ಮ.”

ಸೊರೈದಾ ತಿರುಗಲಿಲ್ಲ. ಬ್ರೆಡ್ಡಿನ ಕೊನೆಯ ಚೂರನ್ನು ಅಗಿದು ನುಂಗಿ, ಬೆರಳು ಒರೆಸಿಕೊಂಡಳು.

“ನಾನಿವತ್ತು ನನ್ನ ಗಂಡ ಆಗೋನ ಜೊತೆ ಊಟಕ್ಕೆ ಬಂದಿದೀನಿ ನ್ಯೀಕೊ. ನೀನೇ ಎದ್ದು ತಗೋ.”

ಬರ್ರೇತೋ ಅರ್ಧ ಮೊಟ್ಟೆ ಬಾಯಲ್ಲಿಟ್ಟುಕೊಂಡು ಹಾಗೇ ಕೂತ. ನುಂಗುವುದು ಹೇಗೆಂದು ಮರೆತುಹೋದವನಂತೆ. ಗುಮೆರ್ಸಿಂದೊ ಗಲ್ಲಾದ ಮೇಲೆ ಗುದ್ದಿ ಎಲ್ಲರಿಗೂ ಕಾಫಿ ಎಂದು ಘೋಷಿಸಿದ. ನ್ಯೀಕೊ ಗೊಣಗುತ್ತ ಎದ್ದು ನೀರಿನ ಜಗ್ ಹಿಡಿದು ಬಂದ. ಬರುವಾಗ ಬಾಗಿಲ ಬಳಿಯ ಮೇಜಿನವರು ಇಲ್ಲಿಗೂ ಸ್ವಲ್ಪ ಎಂದರು, ಹಾಕಿದ. ಅದರ ಪಕ್ಕದ ಅಜ್ಜಿ ಲೋಟ ಚಾಚಿದಳು, ಅದಕ್ಕೂ ಹಾಕಿದ. ಅಷ್ಟರಲ್ಲಿ ಯಾರೋ ಅವನ ಇನ್ನೊಂದು ಕೈಗೆ ಬ್ರೆಡ್ಡಿನ ಬುಟ್ಟಿ ಕೊಟ್ಟರು.